ಮೊಣಕಾಲು ಯಾರದು?



ಭಾನುವಾರ ಸಾಯಂಕಾಲ ನಮ್ಮ ಲೈನ್ ಮನೆಗಳ ಹಿಂದಿನ ಮೈದಾನದಲ್ಲಿ ಫುಟ್‌ಬಾಲ್ ನಡೆಯುವಾಗ ಒಂದು ನೋಟ ತಪ್ಪದೆ ಕಾಣುತ್ತದೆ. ಆಡುವವರು ಆಡುತ್ತಿರುತ್ತಾರೆ, ಗೆರೆಯ ಹೊರಗೆ ಒಬ್ಬ ಹುಡುಗ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಳಿತಿರುತ್ತಾನೆ. “ಏನಪ್ಪಾ, ಇವತ್ತು ಇಳಿಯಲಿಲ್ಲವೇ?” ಎಂದು ಕೇಳಿದರೆ, “ಕಾಲು ಹೋಯಿತು ಅಣ್ಣಾ, ಇನ್ನು ನನ್ನ ಆಟ ಮುಗಿಯಿತು” ಎನ್ನುತ್ತಾನೆ. ಎರಡು ವಾರ ಬಿಟ್ಟು ನೋಡಿದರೆ ಅದೇ ಹುಡುಗ ಎಲ್ಲಿಯೋ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಂದು ಎಲ್ಲರಿಗಿಂತ ಮುಂದೆ ಓಡುತ್ತಿರುತ್ತಾನೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ.

ಆಟ ಮುಗಿಯಿತು ಎಂದು ಕೈಚೆಲ್ಲುವುದು ಒಂದು ತಪ್ಪು. ನೋವನ್ನು ಮುಚ್ಚಿಕೊಂಡು ಓಡುವುದು ಅದಕ್ಕಿಂತ ದೊಡ್ಡ ತಪ್ಪು. ಇವೆರಡರ ನಡುವೆ ಒಂದು ದಾರಿ ಉಂಟು. ಮೊಣಕಾಲಿನ ಹಳೆಯ ಗಾಯ ಪೂರಾ ವಾಸಿಯಾಗದೆ ಇದ್ದರೂ ಅದನ್ನು ಸಂಭಾಳಿಸಿಕೊಂಡು ವರ್ಷಗಟ್ಟಲೆ ಆಡಿದವರುಂಟು. ಅವರು ಹೇಗೆ ಸಂಭಾಳಿಸಿದರು, ಯಾರ ಸಹಾಯದಿಂದ ಸಂಭಾಳಿಸಿದರು, ಯಾವ ಬೆಲೆ ತೆತ್ತರು ಎಂಬುದನ್ನು ತಿಳಿಯಲು ನಾವು ಇಂಗ್ಲೆಂಡಿನ ಕಡೆ ನೋಡಬೇಕು. ಯಾಕಂದರೆ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯು 1885ರಷ್ಟು ಹಿಂದೆಯೇ ಈ ಆಟವನ್ನು ಸಂಬಳದ ಕೆಲಸವೆಂದು ಒಪ್ಪಿಕೊಂಡಿತು. ಕೆಲಸವಾದ ಮೇಲೆ ಕೆಲಸಗಾರನ ಮೈನೋವಿನ ಪ್ರಶ್ನೆಯೂ ಅಲ್ಲಿ ಬೇಗನೆ ಎದ್ದಿತು.

ಆಟಗಾರನೂ ಕೆಲಸಗಾರನೇ

ಫುಟ್‌ಬಾಲ್ ಆಟಗಾರ ಎಂದರೆ ನಮ್ಮ ಕಣ್ಣಿಗೆ ಬರುವುದು ಬಣ್ಣದ ಅಂಗಿ, ಬೆಳ್ಳಿಯ ಕಪ್, ಪತ್ರಿಕೆಯ ಚಿತ್ರ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಆಟಗಾರನ ಸ್ಥಿತಿ ಕಾರ್ಖಾನೆಯ ಕೆಲಸಗಾರನಿಗಿಂತ ಬಹಳ ಬೇರೆಯಾಗಿರಲಿಲ್ಲ. 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂದು ನಿಯಮ ಮಾಡಿದ್ದರು. 1907ರ ಏಪ್ರಿಲ್ ತಿಂಗಳಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಥಾಮಸ್ ಬ್ಲ್ಯಾಕ್‌ಸ್ಟಾಕ್ ಎಂಬವರು ಪಂದ್ಯದಲ್ಲಿ ಚೆಂಡಿಗೆ ತಲೆ ಕೊಟ್ಟ ಮೇಲೆ ಕುಸಿದುಬಿದ್ದು ತೀರಿಕೊಂಡರು. ಅವರ ಮನೆಯವರಿಗೆ ಪರಿಹಾರ ಸಿಗಲಿಲ್ಲ. ಅದೇ ವರ್ಷ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಆಟಗಾರರು ಸೇರಿ ತಮ್ಮದೇ ಸಂಘವನ್ನು ಕಟ್ಟಿದರು. ಮುಂದಾಳಾಗಿ ನಿಂತವರು ವೇಲ್ಸ್ ನಾಡಿನ ಬಿಲ್ಲಿ ಮೆರೆಡಿತ್. ಅವರು ಹನ್ನೆರಡನೆಯ ವಯಸ್ಸಿನಲ್ಲೇ ಕಲ್ಲಿದ್ದಲು ಗಣಿಗೆ ಇಳಿದು ಕೆಲಸ ಕಂಡವರು. ಆ ಸಂಘ ಇಂದಿಗೂ ನಡೆಯುತ್ತಿದೆ.

ಆ ಕಾಲದಲ್ಲೇ ಒಂದು ಮೊಕದ್ದಮೆ ನಡೆಯಿತು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್‌ಗೆ ವಾರಕ್ಕೆ 3 ಪೌಂಡ್ 10 ಶಿಲಿಂಗ್ ಸಂಬಳದ ಮೇಲೆ ಆಡುತ್ತಿದ್ದ ವಾಕರ್ ಎಂಬ ಆಟಗಾರರು ಪಂದ್ಯದಲ್ಲಿ ಗಾಯಗೊಂಡರು. 1906ರ ಕೆಲಸಗಾರರ ಪರಿಹಾರ ಕಾನೂನಿನ ಕೆಳಗೆ ತನಗೆ ಪರಿಹಾರ ಬರಬೇಕೆಂದು ಅವರು ಕೇಳಿದರು. ಆಟಗಾರ ತನ್ನ ಸ್ವಂತ ಜಾಣ್ಮೆಯಿಂದ ಆಡುವವನು, ಅವನು ಯಾರ ಆಳೂ ಅಲ್ಲ, ಆ ಕಾನೂನು ಅವನಿಗೆ ಸಲ್ಲುವುದಿಲ್ಲ ಎಂದು ಕ್ಲಬ್‌ನವರು ವಾದಿಸಿದರು. ಮೇಲಿನ ನ್ಯಾಯಾಲಯ ಈ ಮಾತನ್ನು ಒಪ್ಪಲಿಲ್ಲ. ಕ್ಲಬ್ ಹೇಳಿದಂತೆ ಅಭ್ಯಾಸ ಮಾಡಬೇಕು, ಹೇಳಿದಲ್ಲಿ ಆಡಬೇಕು, ಸಂಬಳ ಪಡೆಯಬೇಕು. ಹೀಗಿರುವಾಗ ಅವನು ಕೆಲಸಗಾರನೇ ಎಂದು ತೀರ್ಪಾಯಿತು. ಜಾಣ್ಮೆಯಿಂದ ಕೆಲಸ ಮಾಡುವ ಎಷ್ಟೋ ಕೆಲಸಗಾರರಿದ್ದಾರೆ, ಜಾಣ್ಮೆ ಇದ್ದ ಮಾತ್ರಕ್ಕೆ ಅವರು ಕೆಲಸಗಾರರಲ್ಲವೆಂದು ಆಗುವುದಿಲ್ಲ ಎಂಬುದು ಅದರ ಸಾರ. 1910ರ ಕಾನೂನು ವರದಿಗಳಲ್ಲಿ ಈ ತೀರ್ಪು ಅಚ್ಚಾಗಿದೆ.

ಈ ತೀರ್ಪನ್ನು ನಾವು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಆಟಗಾರ ಕೆಲಸಗಾರನಾದರೆ ಅವನ ಮೊಣಕಾಲು ಅವನ ಕೆಲಸದ ಹತಾರ. ಆದರೆ ಕತ್ತಿ ಮೊಂಡಾದರೆ ಸಾಣೆ ಹಿಡಿಯಬಹುದು, ಮುರಿದರೆ ಸ್ಟೋರಿನಿಂದ ಬೇರೆ ತರಬಹುದು. ಮೊಣಕಾಲನ್ನು ಕೆಲಸ ಮುಗಿದ ಮೇಲೆ ಸ್ಟೋರಿಗೆ ಒಪ್ಪಿಸಿ ಬರಲಾಗುವುದಿಲ್ಲ. ಅದೇ ಮೊಣಕಾಲಿನ ಮೇಲೆ ಮನೆಗೆ ನಡೆಯಬೇಕು, ಮುಪ್ಪಿನಲ್ಲಿ ಮೊಮ್ಮಕ್ಕಳನ್ನು ಎತ್ತಬೇಕು.

ಮೊಣಕಾಲಿನ ಒಳಗೆ ಏನಿದೆ

ತೊಡೆಯ ಎಲುಬು ಮತ್ತು ಅದರ ಕೆಳಗಿನ ಕಾಲಿನ ಎಲುಬು ಕೂಡುವ ಜಾಗವೇ ಮೊಣಕಾಲು. ಎರಡು ಎಲುಬುಗಳ ತುದಿಗೂ ನುಣುಪಾದ ಬಿಳಿಯ ಹೊದಿಕೆ ಇರುತ್ತದೆ. ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿರುತ್ತವೆ. ಡಾಕ್ಟರರು ಇವುಗಳಿಗೆ ಕಾರ್ಟಿಲೇಜ್ ಎನ್ನುತ್ತಾರೆ. ಓಡುವಾಗ, ಹಾರುವಾಗ, ತಟ್ಟನೆ ತಿರುಗುವಾಗ ಬೀಳುವ ಭಾರವನ್ನು ತಡೆಯುವುದು ಇವೇ.

ಕೈಗೆ ಕತ್ತಿ ತಾಗಿದರೆ ವಾರ ಹತ್ತು ದಿನದಲ್ಲಿ ಚರ್ಮ ಕೂಡಿಕೊಳ್ಳುತ್ತದೆ, ಯಾಕಂದರೆ ಅಲ್ಲಿ ರಕ್ತ ಹರಿಯುತ್ತದೆ. ಎಲುಬಿನ ತುದಿಯ ಹೊದಿಕೆಗೆ ರಕ್ತನಾಳವಿಲ್ಲ. ಮೆತ್ತೆಗಳಿಗೆ ಹೊರಗಿನ ಅಂಚಿನಲ್ಲಿ ಮಾತ್ರ ರಕ್ತ ಬರುತ್ತದೆ. ಆದ್ದರಿಂದ ಒಮ್ಮೆ ಸವೆದ ಹೊದಿಕೆ ಮೊದಲಿನಂತೆ ತಾನಾಗಿ ಬೆಳೆಯುವುದಿಲ್ಲ. ಹಳೆಯ ಕಾಲದಲ್ಲಿ ಆಟಗಾರನ ಮೆತ್ತೆ ಹರಿದರೆ ಡಾಕ್ಟರರು ಅದನ್ನು ಪೂರಾ ತೆಗೆದು ಹಾಕುತ್ತಿದ್ದರು. ಆಟಗಾರ ಕೆಲವು ತಿಂಗಳಲ್ಲಿ ಮೈದಾನಕ್ಕೆ ಬರುತ್ತಿದ್ದ, ಎಲ್ಲರಿಗೂ ಸಂತೋಷವಾಗುತ್ತಿತ್ತು. ಆದರೆ ಮೆತ್ತೆ ತೆಗೆದ ಮೊಣಕಾಲಿನ ಎಲುಬುಗಳೇ ಕ್ರಮೇಣ ಕೆಡುತ್ತವೆ ಎಂಬುದನ್ನು ಫೇರ್‌ಬ್ಯಾಂಕ್ ಎಂಬ ಡಾಕ್ಟರರು ಎಕ್ಸ್‌ರೇ ಚಿತ್ರಗಳನ್ನು ನೋಡಿ 1948ರಲ್ಲಿ ಬರೆದರು. 1962ರಲ್ಲಿ ಟೋಕಿಯೋದ ಡಾಕ್ಟರ್ ವಾತಾನಾಬೆ ಅವರು ಸಣ್ಣ ತೂತಿನ ಮೂಲಕ ದುರ್ಬೀನು ಹಾಯಿಸಿ, ಹರಿದಷ್ಟನ್ನೇ ಕತ್ತರಿಸಿ ಉಳಿದದ್ದನ್ನು ಉಳಿಸುವ ಆಪರೇಶನ್ ಮಾಡಿದರು. ಆ ಪದ್ಧತಿ ಎಲ್ಲ ಕಡೆ ಹರಡಲು ಮತ್ತೂ ಹಲವು ವರ್ಷ ಹಿಡಿಯಿತು.

ಹೊದಿಕೆ ಸವೆದ ಮೊಣಕಾಲು ಕೆಲಸ ಮಾಡಿದ ಮೇಲೆ ಬಾತುಕೊಳ್ಳುತ್ತದೆ, ಒಳಗೆ ನೀರು ತುಂಬುತ್ತದೆ. ಅದು ಮೊಣಕಾಲು ಆಡುವ ಮಾತು. “ಇವತ್ತಿಗೆ ಸಾಕು” ಎಂದು ಅದು ಹೇಳುತ್ತದೆ. ಸಂಭಾಳಿಸುವುದು ಎಂದರೆ ಆ ಮಾತನ್ನು ಕೇಳಿ ನಡೆಯುವುದು. ಬಾವು ಇಳಿಯುವ ತನಕ ಭಾರ ಹಾಕಬಾರದು. ತೊಡೆಯ ಮಾಂಸಖಂಡವನ್ನು ಬಲಪಡಿಸಿ ಭಾರವನ್ನು ಅದರ ಮೇಲೆ ಹೊರಿಸಬೇಕು. ಉಸಿರು ಕಾಯ್ದುಕೊಳ್ಳಲು ಓಟದ ಬದಲು ಸೈಕಲ್ ತುಳಿಯುವುದು, ಈಜುವುದು ಮಾಡಬೇಕು. ಇದರಲ್ಲಿ ಗುಟ್ಟು ಏನೂ ಇಲ್ಲ. ಬೇಕಾದುದು ದಿನಗಳು. ಆ ದಿನಗಳನ್ನು ಯಾರು ಕೊಡುತ್ತಾರೆ ಎಂಬುದೇ ಪ್ರಶ್ನೆ.

ಮುಗಿದವನೆಂದು ಕಳಿಸಿದ ಆಟಗಾರ

ಐರ್ಲೆಂಡಿನ ಪಾಲ್ ಮೆಗ್ರಾತ್ ಅವರು 1959ರಲ್ಲಿ ಹುಟ್ಟಿದವರು. ಡಬ್ಲಿನ್ ಪಟ್ಟಣದ ಅನಾಥಾಲಯಗಳಲ್ಲಿ ಬೆಳೆದರು. 1982ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿ ಹಿಂದಿನ ಸಾಲಿನ ಆಟಗಾರರಾಗಿ ಹೆಸರು ಮಾಡಿದರು. ಆದರೆ ಮೊಣಕಾಲುಗಳು ಕೆಟ್ಟವು. ಆಪರೇಶನ್ ಮೇಲೆ ಆಪರೇಶನ್ ಆಯಿತು. ಆಟದ ಜೀವನದಲ್ಲಿ ಒಟ್ಟು ಎಂಟು ಆಪರೇಶನ್ ಆದವೆಂದು ಹೇಳುತ್ತಾರೆ. 1989ರ ಹೊತ್ತಿಗೆ ಆಟ ಬಿಟ್ಟುಬಿಡುವುದಾದರೆ ಇಷ್ಟು ಹಣ ಕೊಡುತ್ತೇವೆಂದು ಕ್ಲಬ್‌ನವರು ಮುಂದೆ ಇಟ್ಟರು. ಮೊತ್ತ ಒಂದು ಲಕ್ಷ ಪೌಂಡ್ ಎಂದು ಪತ್ರಿಕೆಗಳಲ್ಲಿ ಬಂದಿತು. ಅವರ ಲೆಕ್ಕದಲ್ಲಿ ಆ ಮೊಣಕಾಲು ಮುಗಿದಿತ್ತು.

ಮೆಗ್ರಾತ್ ಅವರು ಆ ಹಣ ತೆಗೆದುಕೊಳ್ಳದೆ ಆಸ್ಟನ್ ವಿಲ್ಲಾ ಎಂಬ ಬೇರೆ ಕ್ಲಬ್‌ಗೆ ಹೋದರು. ಅಲ್ಲಿಯ ಅಂಗಮರ್ದನ ಚಿಕಿತ್ಸಕ ಜಿಮ್ ವಾಕರ್ ಅವರಿಗೊಂದು ಕ್ರಮ ಹಾಕಿಕೊಟ್ಟರು. ಉಳಿದವರು ದಿನಾ ಮೈದಾನದಲ್ಲಿ ಓಡುತ್ತಿದ್ದಾಗ ಮೆಗ್ರಾತ್ ಓಡುವಂತಿಲ್ಲ. ನಿಂತ ಸೈಕಲ್ ತುಳಿಯಬೇಕು, ಕಾಲಿಗೆ ಆರೈಕೆ ಮಾಡಿಸಿಕೊಳ್ಳಬೇಕು, ಪಂದ್ಯದ ದಿನ ಮಾತ್ರ ಇಳಿಯಬೇಕು. ಆ ಕಾಲುಗಳಿಂದಲೇ ಅವರು ಅಲ್ಲಿ ಏಳು ವರ್ಷ ಆಡಿದರು. 1993ರಲ್ಲಿ ಇಂಗ್ಲೆಂಡಿನ ಆಟಗಾರರೇ ಓಟು ಹಾಕಿ ಅವರನ್ನು ವರ್ಷದ ಆಟಗಾರನೆಂದು ಆರಿಸಿದರು. 1994ರ ಲೀಗ್ ಕಪ್ ಫೈನಲ್‌ನಲ್ಲಿ ವಿಲ್ಲಾ ತಂಡ 3ಕ್ಕೆ 1 ಗೋಲಿನಿಂದ ಗೆದ್ದಾಗ ಸೋತದ್ದು ಮ್ಯಾಂಚೆಸ್ಟರ್ ಯುನೈಟೆಡ್. ಅದೇ ಬೇಸಿಗೆಯಲ್ಲಿ ಅಮೆರಿಕದ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ಇಟಲಿಯನ್ನು 1-0 ಗೋಲಿನಿಂದ ಸೋಲಿಸಿದ ಪಂದ್ಯದಲ್ಲಿ ಅವರ ಆಟವನ್ನು ಜನ ಇನ್ನೂ ಮರೆತಿಲ್ಲ. ತಮ್ಮ ದೇಶಕ್ಕೆ 83 ಪಂದ್ಯ ಆಡಿದರು.

ಒಬ್ಬ ಕೆಲಸಗಾರ ಮುಗಿದನೋ ಇಲ್ಲವೋ ಎಂದು ಯಜಮಾನನೊಬ್ಬನೇ ತೀರ್ಮಾನಿಸಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕಾಲಿನ ವೇಗ ಹೋದರೂ ಚೆಂಡು ಎಲ್ಲಿ ಬಂದು ಬೀಳುತ್ತದೆಂದು ಮೊದಲೇ ತಿಳಿಯುವ ಬುದ್ಧಿ ಹೋಗಿರಲಿಲ್ಲ. ಅನುಭವ ಇರುವುದು ತಲೆಯಲ್ಲಿ.

ಆದರೆ ಈ ಕತೆಯ ಇನ್ನೊಂದು ಮುಖವನ್ನೂ ಮುಚ್ಚಬಾರದು. ಮೆಗ್ರಾತ್ ಅವರು ಕುಡಿತದ ಕೈಗೆ ಸಿಕ್ಕಿದ್ದರು. 2006ರಲ್ಲಿ ಬಂದ ತಮ್ಮ ಆತ್ಮಕತೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಮೊಣಕಾಲಿಗೆ ಕ್ರಮ ಹಾಕಿಕೊಡುವವರು ಸಿಕ್ಕಿದರು. ಮನಸ್ಸಿನ ನೋವಿಗೆ ಅಂಥ ಕ್ರಮ ಅಷ್ಟು ಸುಲಭವಾಗಿ ಸಿಗಲಿಲ್ಲ. ತಿಂಗಳುಗಟ್ಟಲೆ ನೋವಿನಲ್ಲಿ ಕುಳಿತ ಮನುಷ್ಯನಿಗೆ ಬಾಟ್ಲಿ ಬಹಳ ಹತ್ತಿರ ಬರುತ್ತದೆ. ನಮ್ಮ ಲೈನ್‌ಗಳಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ತಲೆಕೆಳಗಾದ ವಾರ

ಎರಡನೆಯವರು ಲೆಡ್ಲಿ ಕಿಂಗ್. 1980ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಟಾಟನಮ್ ಹಾಟ್ಸ್‌ಪರ್ ಎಂಬ ಒಂದೇ ಕ್ಲಬ್‌ಗೆ 1999ರಿಂದ 2012ರ ತನಕ ಆಡಿದರು. 2005ರಲ್ಲಿ ನಾಯಕರಾದರು. 2008ರ ಫೆಬ್ರವರಿ 24ರಂದು ಚೆಲ್ಸಿ ತಂಡವನ್ನು 2-1 ಗೋಲಿನಿಂದ ಸೋಲಿಸಿ ಲೀಗ್ ಕಪ್ ಎತ್ತಿದ್ದು ಅವರೇ. ಆ ಹೊತ್ತಿಗಾಗಲೇ ಅವರ ಮೊಣಕಾಲಿನ ಕಾರ್ಟಿಲೇಜ್ ಸವೆದುಹೋಗಿತ್ತು. 2008ರ ಅಕ್ಟೋಬರಿನಲ್ಲಿ ಮ್ಯಾನೇಜರ್ ಆಗಿ ಬಂದ ಹ್ಯಾರಿ ರೆಡ್‌ನ್ಯಾಪ್ ಅವರು ಈ ಸಂಗತಿಯನ್ನು ಬಹಿರಂಗವಾಗಿಯೇ ಹೇಳಿದರು: ಅಲ್ಲಿ ಆಪರೇಶನ್ ಮಾಡುವುದಕ್ಕೆ ಏನೂ ಉಳಿದಿಲ್ಲ, ಎಲುಬಿಗೆ ಎಲುಬು ಉಜ್ಜುತ್ತಿದೆ, ವಾಸಿಯಾಗುವ ಮಾತಿಲ್ಲ, ಸಂಭಾಳಿಸುವುದಷ್ಟೇ ಉಳಿದಿದೆ.

ಆರು ದಿನ ದುಡಿದು ಏಳನೆಯ ದಿನ ವಿಶ್ರಮಿಸಬೇಕೆಂದು ನಾವು ಓದಿದ್ದೇವೆ. ಕಿಂಗ್ ಅವರ ವಾರ ಇದಕ್ಕೆ ತಲೆಕೆಳಗು. ಒಂದು ದಿನ ಪಂದ್ಯ. ಪಂದ್ಯದ ಮೇಲೆ ಮೊಣಕಾಲು ಬಾತುಕೊಳ್ಳುತ್ತಿತ್ತು. ಮುಂದಿನ ದಿನಗಳೆಲ್ಲ ಅದು ಇಳಿಯುವುದಕ್ಕೆ. ಸಂಗಡಿಗರು ಅಭ್ಯಾಸಕ್ಕೆ ಹೋದರೆ ಇವರು ವ್ಯಾಯಾಮದ ಕೋಣೆಗೆ, ಈಜುಕೊಳಕ್ಕೆ. ಮುಂದಿನ ಪಂದ್ಯ ನಡುವಾರದಲ್ಲೇ ಬಂದರೆ ಸಾಮಾನ್ಯವಾಗಿ ಆಡುತ್ತಿರಲಿಲ್ಲ. 2009-10ರ ಸಾಲಿನ 38 ಲೀಗ್ ಪಂದ್ಯಗಳಲ್ಲಿ ಅವರು ಇಳಿದದ್ದು ಸುಮಾರು ಅರ್ಧದಷ್ಟಕ್ಕೆ ಮಾತ್ರ. ಆ ವರ್ಷ ತಂಡ ನಾಲ್ಕನೆಯ ಸ್ಥಾನಕ್ಕೆ ಬಂದು ಯೂರೋಪಿನ ದೊಡ್ಡ ಕಪ್ಪಿನ ಪಂದ್ಯಗಳಿಗೆ ದಾರಿ ಮಾಡಿಕೊಂಡಿತು. ಅರ್ಧ ಹಾಜರಿಯ ಆಟಗಾರ ಪೂರ್ಣ ಹಾಜರಿಯವರಷ್ಟೇ ತಂಡಕ್ಕೆ ಬೇಕಾದವನಾದ.

ಆದರೆ ಒಂದು ಮೊಣಕಾಲಿಗೆ ಇಬ್ಬರು ಯಜಮಾನರಿದ್ದರೆ ಏನಾಗುತ್ತದೆಂಬುದೂ ಇಲ್ಲಿ ಕಾಣುತ್ತದೆ. 2009ರ ಮಾರ್ಚಿಯಲ್ಲಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಫಾಬಿಯೊ ಕಪೆಲ್ಲೊ ಅವರು ಕಿಂಗ್ ಅವರನ್ನು ದೇಶದ ತಂಡಕ್ಕೆ ಕರೆದರು. ವಾರಕ್ಕೆ ಒಂದು ಪಂದ್ಯವನ್ನೇ ಕಷ್ಟದಲ್ಲಿ ಆಡುವವನನ್ನು ಕರೆದದ್ದೇಕೆಂದು ಕ್ಲಬ್ ತಕರಾರು ಮಾಡಿತು. ಕೊನೆಗೆ ಪರೀಕ್ಷೆ ಮಾಡಿ ಹಿಂದಕ್ಕೆ ಕಳಿಸಿದರು. 2010ರ ವಿಶ್ವಕಪ್ಪಿಗೆ ಮತ್ತೆ ಕರೆದೊಯ್ದರು. ಜೂನ್ 12ರಂದು ದಕ್ಷಿಣ ಆಫ್ರಿಕದ ರುಸ್ಟೆನ್‌ಬರ್ಗ್‌ನಲ್ಲಿ ಅಮೆರಿಕದ ಎದುರು ಅರ್ಧ ಪಂದ್ಯ ಆಡುವಷ್ಟರಲ್ಲಿ ತೊಡೆಸಂದು ನೋವಾಗಿ ಹೊರಗೆ ಬಂದರು. ಆ ವಿಶ್ವಕಪ್ಪಿನಲ್ಲಿ ಮತ್ತೆ ಆಡಲಿಲ್ಲ.

2012ರ ಜುಲೈ ತಿಂಗಳಲ್ಲಿ, 31ನೆಯ ವಯಸ್ಸಿಗೆ, ಕಿಂಗ್ ಆಟ ಬಿಟ್ಟರು. ಇಂಗ್ಲೆಂಡಿಗೆ ಅವರು ಆಡಿದ್ದು 21 ಪಂದ್ಯ ಮಾತ್ರ. ಕಾಲು ಸರಿಯಿದ್ದಿದ್ದರೆ ಅದರ ಎರಡು ಮೂರು ಪಾಲು ಆಡುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ಕ್ಲಬ್‌ನವರು ಅವರನ್ನು ಬೀದಿಗೆ ಬಿಡಲಿಲ್ಲ. ಕ್ಲಬ್‌ನ ಪರವಾಗಿ ಜನರ ನಡುವೆ ಓಡಾಡುವ ರಾಯಭಾರಿ ಕೆಲಸ ಕೊಟ್ಟರು.

ನೋವು ಮುಚ್ಚುವುದು ಸಂಭಾಳಿಸುವುದಲ್ಲ

ಈಗ ಇಂಜೆಕ್ಷನ್ ವಿಷಯ. ಕೋರ್ಟಿಸೋನ್ ಜಾತಿಯ ಔಷಧಿ ಕೀಲುನೋವಿನ ರೋಗಿಗಳಿಗೆ 1948ರಿಂದ ಬಳಕೆಗೆ ಬಂತು. ಅದನ್ನು ಕಂಡವರಿಗೆ 1950ರಲ್ಲಿ ನೊಬೆಲ್ ಬಹುಮಾನವೂ ಬಂತು. ಅದು ಬಾವನ್ನು ಇಳಿಸುತ್ತದೆ, ಕೆಲವು ವಾರ ನೋವನ್ನು ಕಡಿಮೆ ಮಾಡುತ್ತದೆ. ಡಾಕ್ಟರರು ನೋಡಿ, ಅಳೆದು, ಅಪರೂಪಕ್ಕೆ ಕೊಟ್ಟು, ಆ ಮೇಲೆ ವಿಶ್ರಾಂತಿಯನ್ನೂ ಕೊಟ್ಟರೆ ಅದರಿಂದ ಉಪಕಾರವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಸವೆದ ಹೊದಿಕೆಯನ್ನು ಅದು ಬೆಳೆಸುವುದಿಲ್ಲ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮೊಣಕಾಲು ಸವೆದ 140 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮೂರು ತಿಂಗಳಿಗೊಮ್ಮೆ ಈ ಜಾತಿಯ ಔಷಧಿ, ಇನ್ನೊಂದು ಪಾಲಿಗೆ ಬರೇ ಉಪ್ಪುನೀರು ಚುಚ್ಚಿದರು. ಎರಡು ವರ್ಷ ಕಳೆದ ಮೇಲೆ ನೋಡಿದರೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ; ಔಷಧಿ ಚುಚ್ಚಿಸಿಕೊಂಡವರ ಹೊದಿಕೆಯೇ ಹೆಚ್ಚು ಸವೆದಿತ್ತು. ಪಂದ್ಯಕ್ಕೆ ಮೊದಲು ಮರಗಟ್ಟಿಸುವ ಔಷಧಿ ಚುಚ್ಚಿಸಿಕೊಂಡು ಇಳಿಯುವುದಂತೂ ಇನ್ನೂ ಅಪಾಯ. ನೋವೆಂಬುದು ಕಾವಲು ನಾಯಿ. ಕಳ್ಳನನ್ನು ಹಿಡಿಯುವ ಬದಲು ನಾಯಿಯ ಬಾಯಿ ಕಟ್ಟಿದರೆ ಮನೆ ಉಳಿಯುತ್ತದೆಯೇ?

ಮೆಗ್ರಾತ್ ಮತ್ತು ಕಿಂಗ್ ಅವರನ್ನು ಆಡಿಸಿದ್ದು ವಿಶ್ರಾಂತಿ. ಇದನ್ನು ನಮ್ಮ ಯುವಕರು ಬರೆದಿಟ್ಟುಕೊಳ್ಳಲಿ.

ಆಟ ಮುಗಿದ ಮೇಲೆ

ಬ್ರಿಟನ್ನಿನಲ್ಲಿ 1,200ಕ್ಕೂ ಹೆಚ್ಚು ಮಾಜಿ ಆಟಗಾರರನ್ನು 4,000ಕ್ಕೂ ಹೆಚ್ಚು ಸಾಮಾನ್ಯ ಗಂಡಸರೊಡನೆ ಹೋಲಿಸಿ ನೋಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೊಣಕಾಲು ಸವೆತ ಮಾಜಿ ಆಟಗಾರರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚಾಗಿ ಕಂಡಿತು. ಚಪ್ಪಾಳೆ ನಿಂತ ಮೇಲೆ ನೋವು ಉಳಿಯುತ್ತದೆ ಎಂಬುದಕ್ಕೆ ಇದು ಲೆಕ್ಕ.

ಲಿವರ್‌ಪೂಲಿನ ಟಾಮಿ ಸ್ಮಿತ್ ಅವರ ಕತೆ ಇದಕ್ಕೆ ಮುಖ ಕೊಡುತ್ತದೆ. ಆ ಕ್ಲಬ್‌ಗೆ 638 ಪಂದ್ಯ ಆಡಿದ ಗಟ್ಟಿ ಆಳು. 1977ರಲ್ಲಿ ರೋಮಿನಲ್ಲಿ ನಡೆದ ಯೂರೋಪಿಯನ್ ಕಪ್ ಫೈನಲ್‌ನಲ್ಲಿ ತಲೆಯಿಂದ ಗೋಲು ಹೊಡೆದವರು. ಆಟ ಬಿಟ್ಟ ಮೇಲೆ ಕೀಲುಗಳು ಕೆಟ್ಟು ಮೊಣಕಾಲು, ಸೊಂಟದ ಕೀಲುಗಳನ್ನು ಬದಲಿಸಬೇಕಾಯಿತು. ಸರಕಾರದ ಅಂಗವಿಕಲ ಭತ್ಯೆ ಬರುತ್ತಿತ್ತು. 1996ರ ಎಫ್.ಎ. ಕಪ್ ಫೈನಲ್ ದಿನ ವಿರಾಮದ ಹೊತ್ತಿಗೆ ಜನರ ಸಂತೋಷಕ್ಕೆಂದು ಒಂದು ಪೆನಾಲ್ಟಿ ಹೊಡೆಯಲು ಅವರನ್ನು ಕರೆದರು. ಅವರು ಹೋಗಿ ಚೆಂಡನ್ನು ಒದ್ದರು. ಒದೆಯಬಲ್ಲವನಿಗೆ ಭತ್ಯೆ ಏಕೆಂದು ಅಧಿಕಾರಿಗಳು ಅದನ್ನು ನಿಲ್ಲಿಸಿದರು. ಒಂದು ಒದೆತಕ್ಕೆ ಒಂದು ಜೀವಮಾನದ ನೋವು ಸುಳ್ಳಾಯಿತು. ಅವರು 2019ರಲ್ಲಿ ತೀರಿಕೊಂಡರು.

ಇದೇ ಬ್ರಿಟನ್ನಿನಲ್ಲಿ 2009ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಭೂಮಿಯ ಕೆಳಗೆ 10 ವರ್ಷಕ್ಕೆ ಕಡಿಮೆಯಿಲ್ಲದೆ ಮೊಣಕಾಲೂರಿ, ಭಾರ ಎತ್ತಿ ದುಡಿದ ಕಲ್ಲಿದ್ದಲು ಗಣಿಯವರ ಮೊಣಕಾಲು ಸವೆತವನ್ನು ಕೆಲಸದಿಂದ ಬಂದ ರೋಗವೆಂದು ಸರಕಾರ ಪಟ್ಟಿಗೆ ಸೇರಿಸಿತು. ಮುಂದಿನ ವರ್ಷ ನೆಲಕ್ಕೆ ಹಾಸು ಹಾಕುವ ಕೆಲಸಗಾರರನ್ನೂ ಸೇರಿಸಿದರು. ಗಣಿಯ ಹುಡುಗ ಮೆರೆಡಿತ್ ಸಂಘ ಕಟ್ಟಿ ನೂರು ವರ್ಷ ಕಳೆದಿತ್ತು. ಮೊಣಕಾಲು ಮಾತಾಡಿದ್ದನ್ನು ಕಾನೂನು ಕೇಳಿಸಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ನಮ್ಮ ಅಭಿಪ್ರಾಯ

ಕೆಲವರು ಕೇಳಬಹುದು: “ಈ ಕಾಲದ ಆಟಗಾರರು ವಾರಕ್ಕೆ ಗಳಿಸುವುದನ್ನು ನಾವು ಜೀವಮಾನದಲ್ಲಿ ಕಾಣೆವು. ಅವರ ಮೊಣಕಾಲಿಗೆ ನಾವು ಅಳಬೇಕೇ?” ಪ್ರಶ್ನೆ ನ್ಯಾಯವಾದದ್ದೇ. ನಾವು ಯಾರಿಗೂ ಅಳಲು ಹೇಳುವುದಿಲ್ಲ. ಅವರಿಂದ ಕಲಿಯಲು ಹೇಳುತ್ತೇವೆ. ಕಿಂಗ್ ಅವರು ವಾರವಿಡೀ ಕಾಲು ಚಾಚಿ ಕೂತರೂ ಅವರ ಸಂಬಳ ನಿಲ್ಲಲಿಲ್ಲ. ಕರಾರು ಇತ್ತು, ಕರಾರಿನ ಹಿಂದೆ ಸಂಘ ಇತ್ತು. ಆದ್ದರಿಂದಲೇ ಡಾಕ್ಟರರ ಮಾತನ್ನು ನಡೆಸಲು ಸಾಧ್ಯವಾಯಿತು. ಸಂಬಳ ನಿಲ್ಲದಿದ್ದರೆ ಮಾತ್ರ ಮೊಣಕಾಲು ನಿಲ್ಲಬಲ್ಲದು. ಕೂತ ದಿನ ಕೂಲಿ ಇಲ್ಲ ಎಂಬಲ್ಲಿ ಯಾವ ಡಾಕ್ಟರರ ಚೀಟಿಯೂ ನಡೆಯುವುದಿಲ್ಲ.

ಮಲಬಾರಿನ ಸೆವೆನ್ಸ್ ಫುಟ್‌ಬಾಲ್ ನಮಗೆಲ್ಲ ಗೊತ್ತು. ಗದ್ದೆ ಬಯಲುಗಳಲ್ಲಿ ದೀಪ ಕಟ್ಟಿ ಏಳೇಳು ಜನ ಆಡುವ ಆ ಆಟ ನೋಡಲು ಜೀಪು ಮಾಡಿಕೊಂಡು ಹೋಗುವವರು ನಮ್ಮಲ್ಲೂ ಇದ್ದಾರೆ. ಅಲ್ಲಿ ಆಟಗಾರನಿಗೆ ಹಣ ಪಂದ್ಯದ ಲೆಕ್ಕದಲ್ಲಿ. ಇಳಿದರೆ ಉಂಟು, ಇಳಿಯದಿದ್ದರೆ ಇಲ್ಲ. ರಾತ್ರಿ ಬಾತ ಮೊಣಕಾಲಿಗೆ ಬೆಳಿಗ್ಗೆ ಪಟ್ಟಿ ಸುತ್ತಿ ಮತ್ತೊಂದು ಊರಿನ ಪಂದ್ಯಕ್ಕೆ ಹೊರಡುವ ಹುಡುಗನನ್ನು ಮೂರ್ಖ ಎನ್ನುವ ಮೊದಲು ಅವನ ಮನೆಯ ಒಲೆಯನ್ನೂ ನೋಡಬೇಕು. ತಪ್ಪು ಅವನೊಬ್ಬನದಲ್ಲ. ಆಡಿಸುವವರು ಟಿಕೆಟಿನ ಹಣದಲ್ಲಿ ಒಂದು ಪಾಲನ್ನು ಗಾಯಾಳುಗಳಿಗೆ ತೆಗೆದಿಡುವುದು ದಾನವಲ್ಲ. ಅದು ಆಟಗಾರನ ಕೂಲಿಯದೇ ಭಾಗ.

ಆದ್ದರಿಂದ ನಾವು ಹೇಳುವುದು ಇಷ್ಟು. ಗಾಯಗೊಂಡ ಆಟಗಾರ ಇಳಿಯಬೇಕೋ ಬೇಡವೋ ಎಂಬ ಕೊನೆಯ ಮಾತು ಅವನದಾಗಿರಬೇಕು. ತನ್ನ ಕಾಲಿನ ಸ್ಥಿತಿಯನ್ನು ಡಾಕ್ಟರರು ಅವನಿಗೇ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಮ್ಯಾನೇಜರನ ಕಿವಿಗೆ ಮಾತ್ರ ಹೇಳಿ ಹೋಗಬಾರದು. ವಿಶ್ರಾಂತಿಯ ದಿನಕ್ಕೂ ಅನ್ನ ಇರಬೇಕು. ಆಟ ಬಿಟ್ಟ ಮೇಲೆಯೂ ಆ ಮೊಣಕಾಲಿನ ನೆನಪು ಆಡಿಸಿದವರಿಗೆ ಇರಬೇಕು. ಇವು ನಾಲ್ಕೂ ಇದ್ದಲ್ಲಿ ಅದು ಸಂಭಾಳಿಕೆ. ಇಲ್ಲದಲ್ಲಿ ಮನುಷ್ಯನನ್ನು ಸವೆಸುವುದು ಮಾತ್ರ.

ಇನ್ನು ಗೆರೆಯ ಹೊರಗೆ ಕುಳಿತ ನಮ್ಮ ಹುಡುಗನಿಗೆ. ತಮ್ಮಾ, ಬಾವು ಇರುವ ತನಕ ಇಳಿಯಬೇಡ. ಮೊಣಕಾಲು ನಡುವೆ ಸಿಕ್ಕಿಕೊಂಡು ಮಡಚಲು ಬಾರದೆ ಹೋದರೆ, ನಡೆಯುವಾಗ ತಟ್ಟನೆ ಕುಸಿದರೆ, ಎಣ್ಣೆ ತಿಕ್ಕಿಸಿಕೊಂಡು ದಿನ ಕಳೆಯದೆ ಆಸ್ಪತ್ರೆಗೆ ಹೋಗಿ ತೋರಿಸು. ಬಾವು ಇಳಿದ ಮೇಲೆ ಚಾಪೆಯ ಮೇಲೆ ಮಲಗಿ, ಕಾಲನ್ನು ನೇರ ಮಾಡಿ, ಮೆಲ್ಲಗೆ ಎತ್ತಿ ಇಳಿಸುವುದನ್ನು ದಿನಾ ಮಾಡು, ತೊಡೆ ಗಟ್ಟಿಯಾಗಲಿ. ಪಂದ್ಯದ ದಿನ ಇಂಜೆಕ್ಷನ್ ಕೊಡಿಸುತ್ತೇನೆಂದು ಕರೆಯುವವನು ನಿನ್ನ ಗೆಳೆಯನಲ್ಲ. ಅವನಿಗೆ ಬೇಕಾದುದು ಇವತ್ತಿನ ಗೋಲು. ನಿನಗೆ ಬೇಕಾದುದು ಐವತ್ತನೆಯ ವಯಸ್ಸಿನಲ್ಲಿ ಗುಡ್ಡ ಹತ್ತುವ ಕಾಲು.

ನೋಡಲು ಬಂದ ನಾವೂ ಒಂದು ಕೆಲಸ ಮಾಡಬೇಕು. “ಇವತ್ತು ನನಗೆ ಆಗುವುದಿಲ್ಲ” ಎಂದು ಹೇಳಿ ಹೊರಗೆ ಕೂತವನಿಗೆ ಹೇಡಿ ಎನ್ನಬಾರದು. ಕುಂಟಿಕೊಂಡು ಓಡುವವನಿಗೆ ಚಪ್ಪಾಳೆ ಹೊಡೆದದ್ದು ಸಾಕು.